ಮೂರೂ ಕಾಲು ಒರೆಸಿಕೊಂಡು ಬಾ

1964ರ ಸೆಪ್ಟೆಂಬರ್ 12, ಶನಿವಾರ. ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ.

"ಇಲ್ಲಿ ಹೆಚ್. ಆಕ್ರಾಯ್ಡ್ ಅಂದ್ರೆ ಯಾರು?"

ದನಿಯಲ್ಲಿ ಸಿಟ್ಟಿತ್ತು. ಯಾರ್ಕ್ ರೈಲು ನಿಲ್ದಾಣದ ಎದುರಿನ ಹಳೆಯ ಹೋಟೆಲಿನ ಮೇಲ್ಮಹಡಿಯಲ್ಲಿ ನೆರೆದಿದ್ದವರೆಲ್ಲ ಒಮ್ಮೆಲೇ ಬಾಗಿಲ ಕಡೆ ತಿರುಗಿದರು.

ಅಲ್ಲಿ ಎತ್ತರದ, ಕೆಂಚು ಕೂದಲಿನ ಯುವಕನೊಬ್ಬ ನಿಂತಿದ್ದ. ಮಳೆಗೆ ನೆನೆದ ಕೋಟು. ಕೈಯಲ್ಲಿ ಸುರುಳಿ ಸುತ್ತಿದ ಒಂದು ಪತ್ರಿಕೆ.

ಸೈಕ್ಲೋಸ್ಟೈಲ್ ಯಂತ್ರದ ಹಿಂದಿನಿಂದ ಹೇಜಲ್ ತಲೆ ಎತ್ತಿದಳು. ಮೊಣಕೈವರೆಗೂ ಕಪ್ಪು ಮಸಿ. ಕೂದಲಿಗೆ ಸಿಕ್ಕಿಸಿದ ಪೆನ್ಸಿಲ್. ಮೂಗಿನ ತುದಿಗೆ ಜಾರಿದ ಕನ್ನಡಕ.

"ನಾನೇ. ಏನಾಗಬೇಕಿತ್ತು?"

ಯುವಕ ತಬ್ಬಿಬ್ಬಾದ. "ನೀವಾ...? ನಾನು ಯಾರೋ ಪೈಪ್ ಸೇದೋ ಮುದುಕ ಅಂದ್ಕೊಂಡಿದ್ದೆ."

"ಪೈಪ್ ಬಿಟ್ಟು ಬಹಳ ದಿನ ಆಯ್ತು. ವಿಷಯ ಹೇಳಿ."

ಕೋಣೆಯಲ್ಲಿ ನಗು ಎದ್ದಿತು. ಯುವಕನ ಕಿವಿಗಳು ಕೂದಲಿಗಿಂತ ಕೆಂಪಾದವು. ಆದರೂ ಅವನು ಹಿಂಜರಿಯಲಿಲ್ಲ. ನೇರ ಅವಳ ಮೇಜಿನ ಬಳಿ ಬಂದು ಪತ್ರಿಕೆ ಬಿಡಿಸಿ ಒಂದು ಚಿತ್ರದ ಮೇಲೆ ಬೆರಳಿಟ್ಟ.

"ನೀವು ನನ್ನ ಥ್ರಪ್‌ನ ಕಾಲು ಕತ್ತರಿಸಿದ್ದೀರಿ!"

*ಅಯ್ಯೋ ದೇವರೇ... ಲೌರಿ ಇಸ್ಬಿಸ್ಟರ್!* ಎಂದುಕೊಂಡಳು ಹೇಜಲ್.

ವೈಜ್ಞಾನಿಕ ಕತೆಗಳ ಹುಚ್ಚಿನ ಆ ಮಂದಿ ವರ್ಷಕ್ಕೊಮ್ಮೆ ಅಲ್ಲಿ ಸೇರುತ್ತಿದ್ದರು. ಉಳಿದ ದಿನಗಳಲ್ಲಿ ತಂತಮ್ಮ ಮನೆಗಳಲ್ಲೇ ಪತ್ರಿಕೆ ಅಚ್ಚು ಹಾಕಿ ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸುತ್ತಿದ್ದರು. ಅವು ಮಾರಾಟಕ್ಕಲ್ಲ. ಓದಿ ಒಂದು ಪತ್ರ ಬರೆದರೆ ಸಾಕು, ಇಲ್ಲವೇ ಒಂದು ಚಿತ್ರ ಕಳಿಸಿದರೆ ಸಾಕು, ಮುಂದಿನ ಸಂಚಿಕೆ ಮನೆಗೆ ಬರುತ್ತಿತ್ತು. ಲೀಡ್ಸ್ ನಗರದ ಹೇಜಲ್‌ಳ ಪತ್ರಿಕೆಯ ಹೆಸರು 'ಧೂಮಕೇತುವಿನ ಬಾಲ'. ಅದು ಕೈಗೆ ಸಿಕ್ಕೊಡನೆ ಎಲ್ಲರೂ ಮೊದಲು ತೆರೆಯುತ್ತಿದ್ದುದು ಥ್ರಪ್ ಇದ್ದ ಪುಟವನ್ನು.

ಥ್ರಪ್‌ಗೆ ಮೂರು ಕಾಲು, ಒಂದು ಕಣ್ಣು. ಭೂಮಿಯನ್ನು ಗೆಲ್ಲಲು ಒಬ್ಬನೇ ಬಂದಿಳಿದಿದ್ದಾನೆ. ಆದರೆ ಪ್ರತಿ ಸಲವೂ ಏನಾದರೊಂದು ಅಡ್ಡಿ. ಒಮ್ಮೆ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ನಿಂತು ಸಂಜೆಯಾಗುತ್ತದೆ. ಇನ್ನೊಮ್ಮೆ ಬಸ್ ಕಂಡಕ್ಟರ್ "ಮೂರು ಕಾಲಿಗೆ ಒಂದೂವರೆ ಟಿಕೆಟ್" ಎನ್ನುತ್ತಾನೆ. ಮತ್ತೊಮ್ಮೆ ಯಾರೋ ಅಜ್ಜಿ ಟೀ ಕುಡಿಯದೆ ಹೋಗಕೂಡದೆಂದು ಹಟ ಹಿಡಿಯುತ್ತಾಳೆ. ರಾತ್ರಿಯಾದರೆ ಪಾಪ, ತನ್ನ ಗ್ರಹಕ್ಕೆ ವರದಿ ಕಳಿಸುತ್ತಾನೆ: 'ದಾಳಿ ನಾಳೆಗೆ ಮುಂದೂಡಲಾಗಿದೆ.'

ಒಂದು ವರ್ಷದಿಂದ ಆ ಚಿತ್ರಗಳು ಅಂಚೆಯಲ್ಲಿ ಬರುತ್ತಿದ್ದವು. ಚಿತ್ರಕಾರ ಎದುರಿಗೆ ಬಂದು ನಿಂತದ್ದು ಇದೇ ಮೊದಲು.

"ನಾಲ್ಕನೇ ಚೌಕದಲ್ಲಿ ನೋಡಿ. ಎರಡೇ ಕಾಲು! ಕುಂಟ ಮಾಡಿಟ್ಟಿದ್ದೀರಿ ನನ್ನ ಹುಡುಗನ್ನ!"

"ನೀವು ಕಾಲುಗಳನ್ನ ಒಂದಕ್ಕೊಂದು ಅಂಟಿಸಿ ಬರೆದ್ರೆ ನಾನೇನು ಮಾಡ್ಲಿ?" ಹೇಜಲ್‌ಗೂ ರೇಗಿತು. "ಸ್ಟೆನ್ಸಿಲ್ ಕೊರೆದು ಗೊತ್ತಾ ನಿಮಗೆ?"

"ಇಲ್ಲ..."

"ಕೂತ್ಕೊಳ್ಳಿ ಹಾಗಾದ್ರೆ."

ಅವಳು ಅವನನ್ನು ಗಾಜಿನ ಪೆಟ್ಟಿಗೆಯ ಮುಂದೆ ಕೂರಿಸಿದಳು. ಪೆಟ್ಟಿಗೆಯೊಳಗೆ ಬಲ್ಬು. ಗಾಜಿನ ಮೇಲೆ ಅವನದೇ ಒಂದು ಚಿತ್ರ, ಅದರ ಮೇಲೆ ಮೇಣ ಸವರಿದ ತೆಳು ಸ್ಟೆನ್ಸಿಲ್ ಹಾಳೆ. ಕೈಗೆ ಉಕ್ಕಿನ ಮೊನೆಯ ಕಡ್ಡಿ ಕೊಟ್ಟಳು.

"ಕೆಳಗಿನ ಗೆರೆ ಕಾಣುತ್ತಲ್ಲ, ಅದರ ಮೇಲೇ ಎಳೀರಿ. ಮೊನೆ ಹೋದ ಕಡೆ ಮೇಣ ಏಳುತ್ತೆ, ಅಲ್ಲಿಂದ ಮಸಿ ಇಳಿಯುತ್ತೆ. ಒತ್ತಿದ್ರೆ ಹರಿಯುತ್ತೆ. ಒತ್ತದಿದ್ರೆ ಮೂಡೋದೇ ಇಲ್ಲ."

ಲೌರಿ ಉಸಿರು ಬಿಗಿ ಹಿಡಿದು ಥ್ರಪ್‌ನ ಹೊಟ್ಟೆ ಎಳೆದ. ಚರ್ರ್! ಹಾಳೆ ಹರಿದು ಹೊಟ್ಟೆಯಿದ್ದ ಕಡೆ ದುಂಡನೆಯ ತೂತು ಬಿತ್ತು.

ಇಬ್ಬರೂ ತೂತನ್ನೇ ನೋಡಿದರು.

"ನಾನು ಒಂದು ಕಾಲು ತೆಗೆದಿದ್ದೆ," ಎಂದಳು ಹೇಜಲ್ ಮೆಲ್ಲಗೆ. "ನೀವು ಕರುಳೇ ತೆಗೆದ್ರಿ."

ಅವನು ನಕ್ಕುಬಿಟ್ಟ. ತುಂಬಾ ದೊಡ್ಡ ನಗು... ಅವಳೂ ನಕ್ಕಳು. ಕನ್ನಡಕ ಸರಿ ಮಾಡಲು ಹೋಗಿ ಮೂಗಿಗೂ ಮಸಿ ಬಳಿದುಕೊಂಡಳು.

"ಎರಡು ಗೆರೆಗಳ ನಡುವೆ ಎರಡು ಮಿಲಿಮೀಟರ್ ಬಿಡಿ," ಎಂದಳು. "ಅದಕ್ಕಿಂತ ಹತ್ತಿರ ಬಂದ್ರೆ ನಡುವಿನ ಮೇಣವೂ ಕಿತ್ತು ಬರುತ್ತೆ. ಮಸಿ ಹರಡಿ ಎರಡೂ ಒಂದೇ ಕಲೆಯಾಗುತ್ತೆ. ಅದಕ್ಕೇ ಆ ಕಾಲು ಬಿಟ್ಟೆ. ಬಿಡೋಕೆ ನನಗೂ ಸಂಕಟ ಆಯ್ತು."

"ನಿಜವಾಗ್ಲೂ?"

"ಅವನು ನನಗೂ ಹುಡುಗನೇ. ಒಂದು ವರ್ಷದಿಂದ ನನ್ನ ಕೈಯಲ್ಲೇ ಬೆಳೀತಿದ್ದಾನೆ."

ಲೌರಿಯ ಸಿಟ್ಟು ಎಲ್ಲಿ ಹೋಯಿತೋ! ಅವನು ಅವಳ ಸಾಸಿವೆ ಬಣ್ಣದ ಸ್ವೆಟರನ್ನು, ಕೂದಲಿನ ಪೆನ್ಸಿಲನ್ನು, ಮಸಿ ಮೆತ್ತಿದ ಮೂಗನ್ನು ಸುಮ್ಮನೆ ನೋಡುತ್ತ ಕುಳಿತ.

ಮರುದಿನ ಹೊರಡುವಾಗ ಹೇಜಲ್ ಆ ಉಕ್ಕಿನ ಕಡ್ಡಿಯನ್ನು ಅವನ ಕೈಗಿಟ್ಟಳು.

"ಅಭ್ಯಾಸ ಮಾಡಿ. ಹೊಟ್ಟೆ ಬಿಟ್ಟು ಬೇರೆ ಕಡೆ."

---

ಲೌರಿ ಇದ್ದದ್ದು ಉತ್ತರದ ಶೆಟ್‌ಲ್ಯಾಂಡ್ ದ್ವೀಪದಲ್ಲಿ. ಅಲ್ಲಿಯ ಹವಾಮಾನ ಠಾಣೆಯಲ್ಲಿ ಬೆಳಿಗ್ಗೆ, ಸಂಜೆ ದೊಡ್ಡ ಬಲೂನು ಹಾರಿಸಿ ಮೇಲಿನ ಗಾಳಿಯ ಉಷ್ಣತೆ ಅಳೆಯುವುದು ಅವನ ಕೆಲಸ. ಹೇಜಲ್ ಲೀಡ್ಸ್‌ನ ಬಟ್ಟೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಉಣ್ಣೆಗೆ ಬಣ್ಣ ಹೊಂದಿಸುವವಳು. ಸಮುದ್ರ ಶಾಂತವಿದ್ದರೆ ಅವನ ಅಂಚೆ ಬೇಗ ಬರುತ್ತಿತ್ತು. ಇಲ್ಲದಿದ್ದರೆ ಹಡಗಿಗಾಗಿ ಕಾಯಬೇಕು.

ಆ ಚಳಿಗಾಲದಲ್ಲಿ ಹೇಜಲ್ ಹಡಗುಗಳ ಬಗ್ಗೆ ಬಹಳ ಕಲಿತಳು.

ಲೌರಿಯ ಕೈಬರಹ ಯಾರಿಗೂ ಓದಲಾಗದಷ್ಟು ಕೆಟ್ಟದು. ಹಾಗಾಗಿ ಪಾತ್ರಗಳ ಮಾತನ್ನು ಅವನು ಗುಳ್ಳೆಗಳೊಳಗೆ ಪೆನ್ಸಿಲಿನಲ್ಲಿ ಗೀಚಿ ಕಳಿಸುತ್ತಿದ್ದ. ಅದನ್ನು ದುಂಡಗೆ ಬರೆದು ಕೊರೆಯುವುದು ಹೇಜಲ್‌ಳ ಪಾಲು. ಅವನ ಗೆರೆಗಳ ನಡುವೆ ಈಗ ಸರಿಯಾಗಿ ಎರಡು ಮಿಲಿಮೀಟರ್ ಇರುತ್ತಿತ್ತು.

ಜನವರಿಯಲ್ಲಿ ಥ್ರಪ್ ಒಂದು ಗ್ರಂಥಾಲಯಕ್ಕೆ ಹೋದ. 'ಭೂಮಿಯನ್ನು ಗೆಲ್ಲುವುದು ಹೇಗೆ ಎಂಬ ಪುಸ್ತಕ ಇದೆಯೇ?' ಅಲ್ಲಿದ್ದ ಹುಡುಗಿ ಕನ್ನಡಕದ ಮೇಲಿನಿಂದ ನೋಡಿ ಹೇಳಿದಳು: 'ಇದೆ. ಆದರೆ ಯಾರೋ ಒಯ್ದಿದ್ದಾರೆ. ಮುಂದಿನ ವಾರ ಬನ್ನಿ.'

ಮುಂದಿನ ಸಂಚಿಕೆಯಲ್ಲೂ ಥ್ರಪ್ ಅಲ್ಲಿಗೇ ಹೋದ. ಅದರ ಮುಂದಿನದರಲ್ಲೂ.

ಎಡ್ನಾ ಚಿಕ್ಕಮ್ಮ ಟೀ ಕಪ್ ಹಿಡಿದು ಹಿಂದಿನಿಂದ ಇಣುಕಿದಳು. ತಂದೆತಾಯಿ ಇಲ್ಲದ ಹೇಜಲ್‌ಳನ್ನು ಸಾಕಿದವಳು ಅವಳು. ರಾಕೆಟ್ಟು, ಮಂಗಳ ಗ್ರಹ ಎಲ್ಲ ಅವಳಿಗೆ ತಲೆಹರಟೆ. ಥ್ರಪ್ ಒಬ್ಬ ಮಾತ್ರ ಇಷ್ಟ.

"ಈ ಹುಡುಗಿ ಯಾರೇ?"

"ಗ್ರಂಥಪಾಲಕಿ ಚಿಕ್ಕಮ್ಮ."

"ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಾಳೆ."

"ಬೇಕಾದಷ್ಟು ಜನ ಸಿಕ್ಕಿಸ್ಕೋತಾರೆ."

"ಮೂಗಿನ ಮೇಲೆ ಮಸಿ?"

ಹೇಜಲ್ ಹಾಳೆಯನ್ನು ಮಗುಚಿಟ್ಟಳು.

"ನನಗೆ ರಾಕೆಟ್ ಗೊತ್ತಿಲ್ಲ ಕಣೇ," ಎಂದಳು ಎಡ್ನಾ. "ಗಂಡಸರು ಗೊತ್ತು."

ಮೇ ತಿಂಗಳಲ್ಲಿ ಬಂದ ಪತ್ರದಲ್ಲಿ ಒಂದು ಸುದ್ದಿ ಇತ್ತು. ದಕ್ಷಿಣ ಧ್ರುವ ಪ್ರದೇಶದ ಹವಾಮಾನ ಠಾಣೆಗೆ ಬರುತ್ತೀಯಾ ಎಂದು ಲೌರಿಯನ್ನು ಕೇಳಿದ್ದಾರೆ. ಹೋದರೆ ಎರಡು ವರ್ಷ. ಅಲ್ಲಿಗೆ ಹಡಗು ವರ್ಷಕ್ಕೊಮ್ಮೆ. ಸೆಪ್ಟೆಂಬರಿನಲ್ಲಿ ಒಪ್ಪಿಗೆ ತಿಳಿಸಬೇಕು. 'ಉಳಿಯಲು ಕಾರಣವೊಂದು ಸಿಕ್ಕರೆ ಹೋಗುವುದಿಲ್ಲ' ಎಂದು ಬರೆದಿದ್ದ. ಜೊತೆಗೆ ಹೊಸ ಚಿತ್ರ.

ಮೊದಲ ಚೌಕದಲ್ಲಿ ಥ್ರಪ್ ತನ್ನ ಗ್ರಹಕ್ಕೆ ವರದಿ ಬರೆಯುತ್ತಿದ್ದ. ಎರಡನೆಯದರಲ್ಲಿ ಅದನ್ನು ಹರಿದು ಹಾಕಿದ. ಮೂರನೆಯದರಲ್ಲಿ ಗ್ರಂಥಾಲಯದ ಬಾಗಿಲಲ್ಲಿ ಟೋಪಿ ಕೈಲಿ ಹಿಡಿದು ನಿಂತಿದ್ದ. 'ದಾಳಿ ಕೈಬಿಟ್ಟಿದ್ದೇನೆ. ನಾನು ಇಲ್ಲೇ ಉಳಿದರೆ ನಿಮಗೆ ಅಭ್ಯಂತರವಿದೆಯೇ?'

ನಾಲ್ಕನೆಯದರಲ್ಲಿ ಹುಡುಗಿ ಬಾಯಿ ತೆರೆದಿದ್ದಳು. ಅವಳ ಮಾತಿನ ಗುಳ್ಳೆ ಖಾಲಿ.

*ಮರೆತಿದ್ದಾನೆ...* ಎಂದುಕೊಂಡಳು ಹೇಜಲ್. ಆಮೇಲೆ ಅಂಚಿನಲ್ಲಿದ್ದ ಪೆನ್ಸಿಲ್ ಗೀಚು ಕಣ್ಣಿಗೆ ಬಿತ್ತು. ಕಷ್ಟಪಟ್ಟು ಓದಿದಳು: 'ಕೊನೆಯ ಮಾತು ಸಂಪಾದಕರಿಗೆ ಬಿಟ್ಟಿದ್ದು.'

ಇವನು ಮರೆತಿಲ್ಲ. ಕೇಳುತ್ತಿದ್ದಾನೆ!

ಪತ್ರ ಬರೆದು ಉತ್ತರಿಸಬಹುದಿತ್ತು. ಆದರೆ ಅವನು ಕೇಳಿದ್ದು ಚಿತ್ರದಲ್ಲಿ. ಉತ್ತರವೂ ಅಲ್ಲೇ ಇರಬೇಕು, ಅವನು ಬಿಟ್ಟ ಜಾಗದಲ್ಲೇ. ಹೇಜಲ್ ಬರೆದಳು, ಒರೆಸಿದಳು, ಮತ್ತೆ ಬರೆದಳು. ಕೊನೆಗೆ ಗುಳ್ಳೆಯೊಳಗೆ ದುಂಡಗೆ ಕೊರೆದಳು:

'ಇಲ್ಲ. ಆದರೆ ಮೂರೂ ಕಾಲು ಒರೆಸಿಕೊಂಡು ಒಳಗೆ ಬಾ.'

---

ಭಾನುವಾರ ಊಟದ ಮೇಜಿನ ಸುತ್ತ ಪುಟ ಜೋಡಿಸುವ ಕೆಲಸ. ಮೇಜಿನ ಮೇಲೆ ಹಾಳೆಗಳ ರಾಶಿಗಳು ಸಾಲಾಗಿ. ಸುತ್ತು ಹಾಕುತ್ತ ಒಂದೊಂದು ರಾಶಿಯಿಂದ ಒಂದೊಂದು ಹಾಳೆ ಎತ್ತಿಕೊಂಡು ಹೋಗಬೇಕು. ಕೊನೆಯಲ್ಲಿ ಸಿರಿಲ್ ಪಿಕಲ್ಸ್ ಪಿನ್ ಹೊಡೆಯುತ್ತಾನೆ. ಅವನು ಬಸ್ ಕಂಡಕ್ಟರ್, ಹೇಜಲ್‌ಳ ಹಳೆಯ ಗೆಳೆಯ. ವಾರವೆಲ್ಲ ಟಿಕೆಟ್‌ಗೆ ತೂತು ಹಾಕಿದರೂ ಅವನ ಕೈಗೆ ತೃಪ್ತಿಯಿರಲಿಲ್ಲ.

"ಏ, ಇದು ಸಖತ್ತಾಗಿದೆ ಕಣಮ್ಮ!" ಹನ್ನೊಂದನೇ ಪುಟ ನೋಡಿ ಸಿರಿಲ್ ಕೂಗಿದ. "ಮೂರೂ ಕಾಲು ಒರೆಸಿಕೊಂಡು! ಇದನ್ನ ಅವನೇ ಬರೆದಿದ್ದಾ?"

"ಪಿನ್ ಹೊಡಿ ಸಿರಿಲ್," ಎಂದಳು ಹೇಜಲ್. ಅವಳ ಕೆನ್ನೆ ಬಿಸಿಯಾಗಿತ್ತು.

ಲೌರಿಯ ಪ್ರತಿಯನ್ನು ಅವಳು ಬೇರೆಯಾಗಿ ಇಟ್ಟಳು, ಪಿನ್ ಹೊಡೆಯದೆ. ಅದರ ಹನ್ನೊಂದನೇ ಪುಟದ ಹಾಳೆಗೆ ಕಾರ್ಖಾನೆಯಿಂದ ತಂದ ಬಣ್ಣಗಳಿಂದ ತಾನೇ ಬಣ್ಣ ತುಂಬಿದ್ದಳು. ಥ್ರಪ್‌ಗೆ ಎಳೆಹಸಿರು. ಹುಡುಗಿಯ ಸ್ವೆಟರಿಗೆ ಸಾಸಿವೆ ಬಣ್ಣ. ಯಾರ್ಕ್‌ನಲ್ಲಿ ಅವನು ನೋಡಿದ ಅದೇ ಬಣ್ಣ ಬರುವವರೆಗೆ ಮೂರು ಸಲ ಬೆರೆಸಿದ್ದಳು. ಹಾಳೆಯಿನ್ನೂ ಹಸಿ. ಅಡುಗೆಮನೆಯ ಬಟ್ಟೆ ಒಣಗಿಸುವ ಕೋಲಿನ ಮೇಲೆ ಹರವಿದಳು. ಒಣಗಿದ ಮೇಲೆ ಸೋಮವಾರ ಸಂಜೆ ತಾನೇ ಸೇರಿಸಿ ಕಳಿಸಿದರಾಯಿತು.

ಸೋಮವಾರ ಸಂಜೆ ಕೆಲಸದಿಂದ ಬಂದಾಗ ಮೇಜು ಖಾಲಿಯಾಗಿತ್ತು.

"ಸಿರಿಲ್ ಬಂದಿದ್ದ," ಎಂದಳು ಎಡ್ನಾ. "ಉಳಿದಿದ್ದನ್ನೂ ಪಿನ್ ಹೊಡೆದು ಎಲ್ಲಾ ಅಂಚೆಗೆ ಹಾಕಿ ಬಂದ. ಒಳ್ಳೇ ಹುಡುಗ."

"ಲೌರಿದೂ?"

"ಅದೂ ಹೋಯ್ತು."

ಹೇಜಲ್ ಅಡುಗೆಮನೆಗೆ ಇಣುಕಿದಳು. ಕೋಲಿನ ಮೇಲೆ ಎರಡು ಒರೆಸುವ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. *ಸದ್ಯ, ಸಿರಿಲ್ ಸೇರಿಸಿ ಕಳಿಸಿದ್ದಾನೆ...* ಎಂದು ನಿರಾಳವಾದಳು. ಅಂದಿನಿಂದ ಹಡಗಿನ ದಾರಿ ಕಾಯತೊಡಗಿದಳು.

ಉತ್ತರ ಬಂತು. ಒಂದು ಕಾರ್ಡು. ಮೊದಲ ಬಾರಿಗೆ ಎಲ್ಲ ಅಕ್ಷರಗಳೂ ಓದಲು ಬರುವಂತಿದ್ದವು.

'ಪತ್ರಿಕೆ ತಲುಪಿತು. ಸಂಪಾದಕರ ತೀರ್ಮಾನವನ್ನು ಗೌರವಿಸುತ್ತೇನೆ. ತೊಂದರೆ ಕೊಟ್ಟಿದ್ದರೆ ಕ್ಷಮಿಸಿ. ಥ್ರಪ್ ಇನ್ನು ಬರುವುದಿಲ್ಲ. ಇಸ್ಬಿಸ್ಟರ್.'

ಹೇಜಲ್ ಅದನ್ನು ನಿಂತಲ್ಲೇ ಓದಿದಳು. ಮತ್ತೆ ಓದಿದಳು. ಮೆಟ್ಟಿಲ ಮೇಲೆ ಕುಳಿತಳು.

ಬರಬೇಡ ಎಂದೆನೇ ನಾನು? ಒಳಗೆ ಬಾ ಎಂದೆ! ಹಾಗಿದ್ದರೆ... ಅವನು ಕೇಳಿದ್ದು ಅದಲ್ಲವೇ? ಬರೀ ತಮಾಷೆಯ ಚಿತ್ರವೇ? ನಾನೇ ಏನೇನೋ ಕಲ್ಪಿಸಿಕೊಂಡು, 'ಬಾ' ಎಂದು ಏಕವಚನದಲ್ಲಿ ಕರೆದು, ಊರೆಲ್ಲ ಓದುವ ಪತ್ರಿಕೆಯಲ್ಲಿ ಮರ್ಯಾದೆ ಕಳೆದುಕೊಂಡೆನೇ...?

ಅವಮಾನದಿಂದ ಕಣ್ಣು ತುಂಬಿ ಬಂತು.

ಓದುಗರ ಪತ್ರಗಳು ಬರುತ್ತಲೇ ಇದ್ದವು. 'ಥ್ರಪ್ ಕಾಲು ಒರೆಸಿದನೇ?' 'ಮದುವೆ ಊಟ ಯಾವಾಗ?' ಅವನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವುದು ವಾಡಿಕೆ. ಹಾಕಿದ್ದರೆ ಲೌರಿಯೂ ಓದುತ್ತಿದ್ದ. ಆದರೆ ಹೇಜಲ್ ಪತ್ರಗಳನ್ನು ಪೆಟ್ಟಿಗೆಗೆ ತುಂಬಿ ಯಂತ್ರದ ಮೇಲೆ ಬಟ್ಟೆ ಹೊದಿಸಿಬಿಟ್ಟಳು. 'ಧೂಮಕೇತುವಿನ ಬಾಲ' ಬೇಸಿಗೆಯಿಡೀ ಹೊರಬರಲಿಲ್ಲ.

"ಅವನು ದಕ್ಷಿಣ ಧ್ರುವಕ್ಕೆ ಹೋಗ್ತಾನಂತಾ?" ಸೆಪ್ಟೆಂಬರಿನಲ್ಲಿ ಎಡ್ನಾ ಕೇಳಿದಳು.

"ಹೋಗಲಿ ಬಿಡಿ."

"ಯಾರ್ಕ್‌ಗೆ ಬರ್ತಾನಾ?"

"ಗೊತ್ತಿಲ್ಲ. ನಾನಂತೂ ಹೋಗಲ್ಲ."

"ಅಲ್ವೇ, ಮೂರು ಕಾಲಿನವನಿಗೇ ಬಾಗಿಲಿಗೆ ಬಂದು ಕೇಳೋ ಧೈರ್ಯ ಇತ್ತು," ಎಂದಳು ಎಡ್ನಾ, ಅವಳ ಕೋಟು ತಂದು ಕುರ್ಚಿಯ ಮೇಲೆ ಎಸೆಯುತ್ತ. "ನಿನಗೆ ಎರಡು ಕಾಲಿದೆ. ಹೋಗಿ ಮುಖ ಕೊಟ್ಟು ಕೇಳು. ಇಲ್ಲ ಅಂದ್ರೆ ವಾಪಸ್ ಬಾ, ಕಡುಬು ಮಾಡಿಟ್ಟಿರ್ತೀನಿ."

---

ಅದೇ ಹೋಟೆಲು, ಅದೇ ಮೇಲ್ಮಹಡಿ. ಹೊರಗೆ ಹೋದ ವರ್ಷದ್ದೇ ಮಳೆ.

ಲೌರಿ ಬಾಗಿಲಲ್ಲಿ ಕಾಣಿಸಿದಾಗ ಹೇಜಲ್‌ಳ ಕೈಯಲ್ಲಿದ್ದ ಟೀ ತುಳುಕಿತು. ಅವನು ಬಡವಾಗಿದ್ದ. ಕೈಯಲ್ಲಿ ಒದ್ದೆ ಕೊಡೆ. ನೇರ ಅವಳ ಮೇಜಿಗೆ ಬಂದು ಜೇಬಿನಿಂದ ಉಕ್ಕಿನ ಕಡ್ಡಿ ತೆಗೆದು ಮುಂದಿಟ್ಟ.

"ಇದು ನಿಮ್ಮದು."

"ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಅಭ್ಯಾಸ ನನಗಿಲ್ಲ."

"ಅಲ್ಲಿ ಹಿಮದಲ್ಲಿ ನನಗೆ ಇದರ ಕೆಲಸ ಇರಲ್ಲ. ಸೋಮವಾರ ಒಪ್ಪಿಗೆ ಹೇಳ್ತಿದ್ದೀನಿ."

*ಕೇಳು, ಈಗಲೇ ಕೇಳು!* ಎಂದಿತು ಹೇಜಲ್‌ಳ ಮನಸ್ಸು. ಕೈ ಮಾತ್ರ ತುಳುಕಿದ ಟೀ ಒರೆಸುತ್ತಿತ್ತು.

ಅವನು ಹೊರಡಲು ತಿರುಗಿದ. ಎರಡು ಹೆಜ್ಜೆ ಇಟ್ಟವನು ತಡೆಯಲಾಗದೆ ಮತ್ತೆ ಬಂದ.

"ಹೋಗೋಕೆ ಮುಂಚೆ ಒಂದು ಮಾತು ಕೇಳ್ತೀನಿ ಮಿಸ್ ಆಕ್ರಾಯ್ಡ್. ನಾನು ದ್ವೀಪದವನು, ನಿಜ. ಹಾಗಂತ ಕೊಳಕನಲ್ಲ! ಬೆಳಿಗ್ಗೆಯಿಂದ ಇಲ್ಲಿ ಎಲ್ಲರೂ ನನ್ನ ಬೂಟು ನೋಡ್ತಿದ್ದಾರೆ. ಮೆಟ್ಟಿಲ ಹತ್ರ ಒಬ್ಬ 'ಕಾಲು ಒರೆಸಿಕೊಂಡ್ಯೇನಯ್ಯ?' ಅಂತಾನೆ. ಬಾರಲ್ಲಿ ಇನ್ನೊಬ್ಬ 'ಎಲ್ಲಾ ಕಾಲೂ ಒರೆಸಿದ್ಯಾ?' ಅಂತ ಬೆನ್ನು ತಟ್ತಾನೆ. ಪಾಪ, ವಯಸ್ಸಾದ ಹೆಂಗಸೊಬ್ಬರು ಚಾಪೆನೇ ತಂದು ಹಾಸಿದ್ರು! ಏನಾಗಿದೆ ನನ್ನ ಬೂಟಿಗೆ?"

ಹೇಜಲ್ ಅವನನ್ನೇ ದಿಟ್ಟಿಸಿದಳು. ಅವನ ಮುಖದಲ್ಲಿ ನಟನೆಯ ಸುಳಿವೂ ಇರಲಿಲ್ಲ.

"ನೀವು... ಹನ್ನೊಂದನೇ ಪುಟ ಓದಿಲ್ವಾ?"

"ಯಾವ ಹನ್ನೊಂದನೇ ಪುಟ? ಅದನ್ನ ನೀವೇ ಕಿತ್ತು ಹಾಕಿದ್ರಲ್ಲ!"

ಕೋಟಿನ ಒಳಜೇಬಿನಿಂದ ಅವನು ಪತ್ರಿಕೆ ಹೊರತೆಗೆದ. ಮಡಿಕೆಗಳು ಸವೆದಿದ್ದವು. ಎಷ್ಟು ಸಲ ಬಿಡಿಸಿ ನೋಡಿದ್ದನೋ! ಹೇಜಲ್ ಕಸಿದುಕೊಂಡು ಹಾಳೆ ತಿರುಗಿಸಿದಳು. ಒಂಬತ್ತು. ಹತ್ತು. ಹದಿಮೂರು.

"ಬೇರೆ ಯಾರ ಪತ್ರಿಕೆ ಆಗಿದ್ರೂ ಜೋಡಿಸೋವಾಗ ತಪ್ಪಿದೆ ಅಂದ್ಕೋತಿದ್ದೆ," ಎಂದ ಲೌರಿ ತಗ್ಗಿದ ದನಿಯಲ್ಲಿ. "ಆದರೆ ನೀವು ಯಾವತ್ತೂ ಒಂದು ಹಾಳೆ ತಪ್ಪಿಸಿದವರಲ್ಲ. ಅದರಲ್ಲೂ ಸರಿಯಾಗಿ ಆ ಒಂದೇ ಹಾಳೆ... ಇದೇ ನಿಮ್ಮ ಉತ್ತರ ಅಂದ್ಕೊಂಡೆ."

"ಸಿರಿಲ್!!"

ಹೇಜಲ್‌ಳ ಕೂಗಿಗೆ ಇಡೀ ಕೋಣೆ ತಿರುಗಿ ನೋಡಿತು. ಸಿರಿಲ್ ಬಾಯಲ್ಲಿ ಸ್ಯಾಂಡ್‌ವಿಚ್ ಇಟ್ಟುಕೊಂಡೇ ಓಡಿಬಂದ.

"ಇವರ ಪ್ರತಿಗೆ ಬಣ್ಣದ ಹಾಳೆ ಸೇರಿಸಿದ್ಯಾ ಇಲ್ವಾ?"

"ಯಾವ ಬಣ್ಣದ ಹಾಳೆ? ಪಿನ್ ಇಲ್ಲದೆ ಬಿದ್ದಿತ್ತು, ಹೊಡೆದೆ. ಪಿನ್ ಇಲ್ಲದ ಪತ್ರಿಕೆ ಕಂಡ್ರೆ ನನ್ನ ಕೈ ಸುಮ್ನಿರಲ್ಲ ಅಂತ ನಿನಗೆ ಗೊತ್ತಲ್ಲಮ್ಮ!"

ಹೇಜಲ್ ಕೆಳಗಿನ ಫೋನಿಗೆ ಓಡಿದಳು. ಲೌರಿ ಹಿಂದೆಯೇ ಓಡಿದ. ಲೀಡ್ಸ್‌ನಲ್ಲಿ ಪಕ್ಕದ ಮನೆಯವರು ಎಡ್ನಾಳನ್ನು ಕರೆತರುವಷ್ಟರಲ್ಲಿ ಒಂದು ಯುಗ ಕಳೆದಂತಾಯಿತು.

"ಚಿಕ್ಕಮ್ಮ! ಮೇ ತಿಂಗಳಲ್ಲಿ ಅಡುಗೆಮನೆ ಕೋಲಿನ ಮೇಲೆ ಒಂದು ಬಣ್ಣದ ಚಿತ್ರ ಇತ್ತಲ್ಲ..."

"ಅದಾ? ಒಣಗಿ ಮುದುರಿಕೊಂಡಿತ್ತು ಕಣೇ. ಎಷ್ಟು ಚೆನ್ನಾಗಿತ್ತು! ನೆಟ್ಟಗಾಗಲಿ ಅಂತ ನನ್ನ ಹಾಸಿಗೆ ಕೆಳಗಿಟ್ಟೆ. ಆಮೇಲೆ... ಅಯ್ಯಯ್ಯೋ! ಇಷ್ಟು ದಿನ ನಾನು ಅದರ ಮೇಲೇ ಮಲಗಿದ್ದೀನಾ?"

ಹೇಜಲ್ ಫೋನಿಟ್ಟು ಗೋಡೆಗೆ ಒರಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

"ಬಣ್ಣ ತುಂಬಿದ್ರಾ?" ಲೌರಿ ಕೇಳಿದ, ನಂಬಲಾರದವನಂತೆ. "ನನಗೋಸ್ಕರ?"

"ನಿಮ್ಮೊಬ್ಬರಿಗೆ ಮಾತ್ರ. ಅದಕ್ಕೇ ನಿಮ್ಮೊಬ್ಬರಿಗೆ ಮಾತ್ರ ಸಿಗಲಿಲ್ಲ."

"ಹಾಗಾದ್ರೆ... ಆ ಗುಳ್ಳೆಯಲ್ಲಿ ಏನು ಬರೆದಿದ್ರಿ?"

ಮೆಟ್ಟಿಲಿನ ಮೇಲೆ ಅಷ್ಟರಲ್ಲಿ ಅರ್ಧ ಸಮ್ಮೇಳನವೇ ಸೇರಿತ್ತು. ಸಿರಿಲ್ ತನ್ನ ಪ್ರತಿಗಾಗಿ ಚೀಲಕ್ಕೆ ಕೈ ಹಾಕಿದ.

"ಚೀಲ ಮುಚ್ಚು ಸಿರಿಲ್!" ಎಂದಳು ಹೇಜಲ್. ಲೌರಿಯ ಕಡೆ ತಿರುಗಿದಳು. "ಮೊದಲು ಪ್ರಶ್ನೆ ಕೇಳಿ."

"ದಾಳಿ ಕೈಬಿಟ್ಟಿದ್ದೇನೆ..."

"ಥ್ರಪ್ ಅಲ್ಲ. ನೀವು ಕೇಳಿ."

ಲೌರಿ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಿರುಗಾಳಿಯಲ್ಲಿ ಬಲೂನಿನ ಹಗ್ಗ ಹಿಡಿದವನಂತೆ.

"ನಾನು ಹಿಮಕ್ಕೆ ಹೋಗದೆ... ಇಲ್ಲೇ, ನಿಮ್ಮ ಹತ್ರವೇ ಉಳಿದ್ರೆ... ನಿಮಗೆ ಅಭ್ಯಂತರ ಇದೆಯಾ?"

ಹೇಜಲ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಇಲ್ಲ," ಎಂದಳು. "ಆದರೆ ಮೂರೂ ಕಾಲು ಒರೆಸಿಕೊಂಡು ಒಳಗೆ ಬಾ."

ಅರೆಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಮೆಟ್ಟಿಲ ಹತ್ತಿರದವನು, ಬಾರಿನವನು, ಚಾಪೆ ಹಾಸಿದ ಹೆಂಗಸು, ಎಲ್ಲರ ಮಾತೂ ಒಟ್ಟಿಗೆ ಅರ್ಥವಾಯಿತು. ಅವನ ದೊಡ್ಡ ನಗು ಹೋಟೆಲಿಡೀ ಕೇಳಿಸಿತು.

ಅವನು ಮಾತಾಡದೆ ಹೊರಬಾಗಿಲಿಗೆ ನಡೆದ. ಕಾಲೊರೆಸುವ ಚಾಪೆಯ ಮೇಲೆ ನಿಂತ. ಬಲಗಾಲು ಒರೆಸಿದ. ಎಡಗಾಲು ಒರೆಸಿದ. ಕೊನೆಗೆ ಕೊಡೆಯನ್ನು ನೆಲಕ್ಕೂರಿ ಅದರ ತುದಿಯನ್ನೂ ಶ್ರದ್ಧೆಯಿಂದ ಒರೆಸಿದ.

ಮೆಟ್ಟಿಲ ಮೇಲೆ ಚಪ್ಪಾಳೆ, ಶಿಳ್ಳೆ! ಅವನಿಗೆ ಅದಾವುದೂ ಕೇಳಿಸಲಿಲ್ಲ. ಅವಳೆದುರು ಬಂದು ನಿಂತ.

"'ಬಾ' ಅಂದ್ರಿ," ಎಂದ ಮೆಲ್ಲಗೆ.

"ಮೇ ತಿಂಗಳಲ್ಲೇ ಅಂದಿದ್ದೆ."

"ತಡವಾಯ್ತು. ದಾರಿಯಲ್ಲಿ ಸಾಲು ದೊಡ್ಡದಿತ್ತು... ಹೇಜಲ್."

---

ಕ್ರಿಸ್‌ಮಸ್‌ಗೆ 'ಧೂಮಕೇತುವಿನ ಬಾಲ' ಮತ್ತೆ ಹೊರಟಿತು. ಲೌರಿಗೆ ಲೀಡ್ಸ್ ಬಳಿಯ ವಿಮಾನ ನಿಲ್ದಾಣದ ಹವಾಮಾನ ಕಚೇರಿಗೆ ವರ್ಗವಾಗಿತ್ತು. ಬಣ್ಣದ ಹಾಳೆ ಎಡ್ನಾಳ ಅಡುಗೆಮನೆಯ ಗೋಡೆ ಏರಿತ್ತು. ಅಷ್ಟು ನೆಟ್ಟಗಿನ ಹಾಳೆಯನ್ನು ಯಾರೂ ಕಂಡಿರಲಿಲ್ಲ.

ಈ ಸಲ ಲೌರಿ ಚಿತ್ರವನ್ನು ತಾನೇ ಸ್ಟೆನ್ಸಿಲ್ ಮೇಲೆ ಕೊರೆದ. ಒಂದೇ ಚೌಕ. ಥ್ರಪ್ ಮತ್ತು ಗ್ರಂಥಾಲಯದ ಹುಡುಗಿ ಕೈ ಹಿಡಿದು ನಡೆಯುತ್ತಿದ್ದರು. ಯಾವ ಗುಳ್ಳೆಯೂ ಇರಲಿಲ್ಲ.

ಹೇಜಲ್ ಹಾಳೆಯನ್ನು ಬೆಳಕಿಗೆ ಹಿಡಿದಳು.

"ಎರಡು ಮಿಲಿಮೀಟರ್ ಬಿಡು ಅಂತ ಎಷ್ಟು ಸಲ ಹೇಳಿದ್ದೀನಿ?"

"ಬಿಡೋಕೆ ಮನಸ್ಸು ಬರಲಿಲ್ಲ."

"ಮೇಣ ಕಿತ್ತಿದೆ ನೋಡು. ಕೈಗಳ ಜಾಗದಲ್ಲಿ ಕಲೆ ಬೀಳುತ್ತೆ. ಯಾವ ಕೈ ಯಾರದು ಅಂತಾನೇ ಗೊತ್ತಾಗಲ್ಲ."

"ಬೀಳಲಿ ಬಿಡು."

ತಪ್ಪು ಮುಚ್ಚುವ ದ್ರಾವಣದ ಬಾಟಲಿ ಅವಳ ಪಕ್ಕದಲ್ಲೇ ಇತ್ತು. ಹೇಜಲ್ ಅದನ್ನು ಎತ್ತಿಕೊಂಡಳು, ಒಂದು ಕ್ಷಣ ಯೋಚಿಸಿ ಮುಚ್ಚಳ ಬಿಗಿ ಮಾಡಿ ಡ್ರಾಯರಿಗೆ ಹಾಕಿದಳು. ಆಮೇಲೆ ಯಂತ್ರದ ಹಿಡಿ ತಿರುಗಿಸಿದಳು.

ಪ್ರತಿಯೊಂದು ಪ್ರತಿಯಲ್ಲೂ ಕಲೆ ಮೂಡಿತು. ಅದರ ಅಗಲ ಆರು ಮಿಲಿಮೀಟರ್, ನಡುವೆ ಒಂದಿಷ್ಟೂ ಬಿಳಿ ಇರಲಿಲ್ಲ.